ದವಾಖಾನೆಯಿಂದ ವಿಧಾನಸಭೆಗೆ: ಖಾನಾಪುರದ ವೈದ್ಯೆಯೊಬ್ಬರ ದಾರಿ



2024ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡ ಕ್ಷೇತ್ರದ ಮತಯಂತ್ರದಲ್ಲಿ ಘಟ್ಟದ ಮೇಲಿನ ವೈದ್ಯೆಯೊಬ್ಬರ ಹೆಸರಿತ್ತು. ಕಾರವಾರ, ಕುಮಟಾ, ಭಟ್ಕಳದ ನಮ್ಮ ಜನರಲ್ಲಿ ಅನೇಕರು ಆ ಹೆಸರನ್ನು ಅದಕ್ಕೂ ಮುಂಚೆ ಅಷ್ಟಾಗಿ ಕೇಳಿರಲಿಲ್ಲ. "ಡಾಕ್ಟರು ರಾಜಕೀಯಕ್ಕೆ ಯಾಕೆ ಬಂದರು? ಒಂದು ವೃತ್ತಿಯಲ್ಲಿರುವವರು ಶಾಸಕರಾಗುವುದು ಹೇಗೆ? ನಮ್ಮ ಶಾಲೆಯ ಟೀಚರು, ನಮ್ಮ ಊರಿನ ವಕೀಲರು, ನಿವೃತ್ತ ಸೈನಿಕರು ಕೂಡ ನಿಲ್ಲಬಹುದೇ?" ಎಂಬ ಪ್ರಶ್ನೆಗಳು ಇಂಥ ಹೊತ್ತಿನಲ್ಲಿ ಚರ್ಚಿನ ಅಂಗಳದಲ್ಲಿ ಸಹಜವಾಗಿ ಏಳುತ್ತವೆ.

ಈ ಲೇಖನ ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ. ಬೇರೆ ವೃತ್ತಿಯಿಂದ ಬಂದವರು ಶಾಸಕರಾಗುವ ದಾರಿ ಎಂಥದು, ಆ ದಾರಿಯಲ್ಲಿ ಕಾನೂನು ಎಲ್ಲಿ ಬಾಗಿಲು ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ, ಒಳಗೆ ಹೋದ ಮೇಲೆ ಕೆಲಸವೇನು ಎಂಬುದನ್ನು ಒಂದು ನಿಜವಾದ ಉದಾಹರಣೆಯ ಮೂಲಕ ತಿಳಿಸುವ ಪ್ರಯತ್ನವಿದು. ಆ ಉದಾಹರಣೆ ಖಾನಾಪುರದ ಮಾಜಿ ಶಾಸಕಿ ಡಾ. ಅಂಜಲಿ ನಿಂಬಾಳ್ಕರ್.

ಖಾನಾಪುರ ಎಂಬ ಕ್ಷೇತ್ರ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಹೋದರೆ ಖಾನಾಪುರ ಸಿಗುತ್ತದೆ. ಅಲ್ಲಿಂದ ಮುಂದೆ ಜಾಂಬೋಟಿ, ಕಣಕುಂಬಿ, ಲೋಂಡಾ ಎಂದು ದಾರಿ ಕಾಡಿನೊಳಗೆ ಇಳಿಯುತ್ತದೆ. ಮಲಪ್ರಭಾ ನದಿ ಹುಟ್ಟುವುದು ಕಣಕುಂಬಿಯಲ್ಲಿ. ಭೀಮಗಡ ವನ್ಯಜೀವಿ ಧಾಮ ಇರುವುದೂ ಇದೇ ತಾಲೂಕಿನಲ್ಲಿ. ಕಾಡಿನೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ರಸ್ತೆ ಎಂಬುದು ಹೆಸರಿಗೆ ಮಾತ್ರ. ಹಳ್ಳ ತುಂಬಿದರೆ ಊರು ತಾಲೂಕಿನಿಂದ ಕಡಿದುಹೋಗುತ್ತದೆ. 2024ರ ಜುಲೈ ಮಳೆಯಲ್ಲಿ ಆಮಗಾಂವ ಹಳ್ಳಿಯವರು ಅಸ್ವಸ್ಥ ಮಹಿಳೆಯೊಬ್ಬರನ್ನು ಹೆಗಲ ಮೇಲೆ ಹೊತ್ತು, ಕಾಡುದಾರಿಯಲ್ಲಿ ಕಿಲೋಮೀಟರುಗಟ್ಟಲೆ ನಡೆದು ಆಂಬುಲೆನ್ಸ್ ಬರುವ ಜಾಗಕ್ಕೆ ತಲುಪಿಸಿದ ಸುದ್ದಿ ರಾಜ್ಯದಾದ್ಯಂತ ಪ್ರಕಟವಾಗಿತ್ತು.

ಇಂಥ ತಾಲೂಕಿನಲ್ಲಿ ಆರೋಗ್ಯ ಎಂಬುದು ಚುನಾವಣೆಯ ದೊಡ್ಡ ವಿಷಯವಾಗಬೇಕಿತ್ತು. ಆದರೆ ಬಹುಕಾಲ ಇಲ್ಲಿನ ಚುನಾವಣೆ ನಡೆದದ್ದು ಭಾಷೆ ಮತ್ತು ಗಡಿಯ ಪ್ರಶ್ನೆಯ ಮೇಲೆ. ಮರಾಠಿ ಮಾತನಾಡುವವರು ಹೆಚ್ಚಿರುವ ಈ ಕ್ಷೇತ್ರ ದಶಕಗಳ ಕಾಲ ಮಹಾರಾಷ್ಟ್ರ ಏಕೀಕರಣ ಸಮಿತಿಯ ಭದ್ರ ನೆಲೆಯಾಗಿತ್ತು. 2008ರಲ್ಲಿ ಬಿಜೆಪಿಯ ಪ್ರಹ್ಲಾದ ರೇಮಾಣಿ ಗೆದ್ದರು. 2013ರಲ್ಲಿ ಸಮಿತಿಯ ಅರವಿಂದ ಪಾಟೀಲ ಗೆದ್ದರು.

ವೈದ್ಯೆ ಶಾಸಕಿಯಾದದ್ದು

ಡಾ. ಅಂಜಲಿ ನಿಂಬಾಳ್ಕರ್ ವೃತ್ತಿಯಿಂದ ವೈದ್ಯೆ, ಮಾತೃಭಾಷೆ ಮರಾಠಿ. ಪತಿ ಹೇಮಂತ ನಿಂಬಾಳ್ಕರ್ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅವರಿಗೆ ಖಾನಾಪುರದ ಟಿಕೆಟ್ ನೀಡಿತು. ಆ ಸಲ ಏಕೀಕರಣ ಸಮಿತಿ ಬಣಗಳಾಗಿ ಒಡೆದಿತ್ತು, ಮತಗಳು ನಾಲ್ಕಾರು ಕಡೆಗೆ ಹಂಚಿಹೋದವು. ಅಂಜಲಿಯವರಿಗೆ 36,649 ಮತ ಬಂದವು, ಬಿಜೆಪಿಯ ವಿಠ್ಠಲ ಹಲಗೇಕರ್ ಅವರಿಗೆ 31,516. ಅಂತರ 5,133.

ಈ ಅಂಕಿಗಳನ್ನು ಕೊಡಲು ಕಾರಣವಿದೆ. "ಡಾಕ್ಟರು ಎಂದು ಜನ ಆರಿಸಿದರು" ಎನ್ನುವುದು ಕೇಳಲು ಚೆಂದ, ಆದರೆ ಪೂರ್ತಿ ಸತ್ಯವಲ್ಲ. ವೃತ್ತಿಯ ಹೆಸರು ಜನರ ಮನೆಬಾಗಿಲು ತೆರೆಸುತ್ತದೆ. ವೈದ್ಯರು ಬಂದರೆ ಕುಳಿತುಕೊಳ್ಳಿ ಎನ್ನುತ್ತಾರೆ, ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಆದರೆ ಗೆಲುವನ್ನು ನಿರ್ಧರಿಸುವುದು ಪಕ್ಷ, ಎದುರಾಳಿಗಳ ಸಂಖ್ಯೆ, ಊರೂರಿನ ಕಾರ್ಯಕರ್ತರು, ಭಾಷೆ, ಜಾತಿ, ಆ ವರ್ಷದ ಗಾಳಿ ಎಲ್ಲವೂ ಸೇರಿ. ಬೇರೆ ವೃತ್ತಿಯಿಂದ ಬರುವವರು ಮೊದಲು ತಿಳಿಯಬೇಕಾದ ಮಾತು ಇದು.

ಶಾಸಕಿಯಾಗಿದ್ದ ಐದು ವರ್ಷಗಳಲ್ಲಿ ಹೆಚ್ಚು ಕಾಲ ಅವರು ವಿರೋಧ ಪಕ್ಷದಲ್ಲಿದ್ದರು. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಆರಂಭವಾದಾಗ, ರೈತರ ಸಂಕಷ್ಟದ ಕಡೆ ಗಮನ ಸೆಳೆಯಲು ಅವರು ಟ್ರ್ಯಾಕ್ಟರ್ ಏರಿ ಬಂದರು. ವೈದ್ಯೆಯಾಗಿ ಬಂದವರು ಬೆಳೆಹಾನಿ, ಪರಿಹಾರ, ರಸ್ತೆಗಳ ಬಗ್ಗೆ ಮಾತನಾಡಬೇಕಾಯಿತು. ಶಾಸಕರಿಗೆ ಒಂದೇ ವಿಭಾಗದ ರೋಗಿಗಳು ಬರುವುದಿಲ್ಲ, ಇಡೀ ತಾಲೂಕು ಬರುತ್ತದೆ.

2023ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಈ ಸಲ ಹಲಗೇಕರ್ ಅವರಿಗೆ 91,834 ಮತಗಳು, ಅಂಜಲಿಯವರಿಗೆ 37,205. ಗಮನಿಸಿ: ಗೆದ್ದ ವರ್ಷಕ್ಕಿಂತ ಸೋತ ವರ್ಷ ಅವರಿಗೆ ಸ್ವಲ್ಪ ಹೆಚ್ಚೇ ಮತ ಬಂದಿವೆ! ಆದರೆ 2018ರಲ್ಲಿ ಹಂಚಿಹೋಗಿದ್ದ ಉಳಿದ ಮತಗಳಲ್ಲಿ ಬಹುಪಾಲು ಈ ಸಲ ಒಂದೇ ಕಡೆ ಕೂಡಿಕೊಂಡವು. ಅಂತರ 54,629ಕ್ಕೆ ಏರಿತು.

2024ರಲ್ಲಿ ಪಕ್ಷ ಅವರನ್ನು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ನಿಲ್ಲಿಸಿತು. ಆ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳದ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರಿವೆ. ಕರಾವಳಿಗೂ ಖಾನಾಪುರಕ್ಕೂ ಇರುವ ನಂಟು ಇದು. ಅಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರು 3,37,428 ಮತಗಳ ಅಂತರದಿಂದ ಗೆದ್ದರು. ಅದೇ ವರ್ಷ ಅಂಜಲಿಯವರನ್ನು ಪಕ್ಷ ಅಖಿಲ ಭಾರತ ಮಟ್ಟದ ಕಾರ್ಯದರ್ಶಿಯಾಗಿ ನೇಮಿಸಿ ಗೋವಾದ ಹೊಣೆ ಕೊಟ್ಟಿತು.

2018ರಿಂದ 2024ರವರೆಗೆ ಒಂದು ಗೆಲುವು, ಎರಡು ಸೋಲು, ಒಂದು ಪಕ್ಷದ ಹುದ್ದೆ. ರಾಜಕೀಯದ ದಾರಿ ನೌಕರಿಯ ಬಡ್ತಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಯಾರು ನಿಲ್ಲಬಹುದು?

ಕಾನೂನು ಈ ವಿಷಯದಲ್ಲಿ ಉದಾರವಾಗಿದೆ. ಸಂವಿಧಾನದ 173ನೇ ವಿಧಿಯ ಪ್ರಕಾರ ವಿಧಾನಸಭೆಗೆ ಸ್ಪರ್ಧಿಸುವವರು ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಅದೇ ಕ್ಷೇತ್ರದವರೇ ಆಗಬೇಕೆಂದಿಲ್ಲ. ವಿದ್ಯಾರ್ಹತೆಯ ನಿಯಮವಿಲ್ಲ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಠೇವಣಿ ಹೋಗುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಅದನ್ನು ಯಾವ ಮತದಾರರೂ ನೋಡಬಹುದು.

ಖಾಸಗಿ ವೈದ್ಯರು, ವಕೀಲರು, ವ್ಯಾಪಾರಿಗಳು, ಕೃಷಿಕರು ತಮ್ಮ ಕೆಲಸ ಬಿಡದೆಯೇ ನಿಲ್ಲಬಹುದು, ಗೆದ್ದ ಮೇಲೂ ಮುಂದುವರಿಸಬಹುದು. ಶಾಸಕರು ವಕೀಲಿ ವೃತ್ತಿ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸರ್ಕಾರಿ ನೌಕರರ ಮಾತು ಬೇರೆ. ಸರ್ಕಾರದಿಂದ ಲಾಭದ ಹುದ್ದೆ ಹೊಂದಿರುವವರು 191ನೇ ವಿಧಿಯ ಪ್ರಕಾರ ಅನರ್ಹರು. ಸರ್ಕಾರಿ ಆಸ್ಪತ್ರೆಯ ವೈದ್ಯರು ನಿಲ್ಲಬೇಕೆಂದರೆ ಮೊದಲು ರಾಜೀನಾಮೆ ನೀಡಬೇಕು, ಅದು ಅಂಗೀಕಾರವೂ ಆಗಿರಬೇಕು. ಭ್ರಷ್ಟಾಚಾರ ಅಥವಾ ದೇಶನಿಷ್ಠೆಯ ಕೊರತೆಯ ಕಾರಣಕ್ಕೆ ಕೆಲಸದಿಂದ ವಜಾ ಆದವರು ಐದು ವರ್ಷ ನಿಲ್ಲುವಂತಿಲ್ಲ. ಆದರೆ ಗಂಡ ಅಥವಾ ಹೆಂಡತಿ ಅಧಿಕಾರಿಯಾಗಿದ್ದರೆ ಇನ್ನೊಬ್ಬರು ಸ್ಪರ್ಧಿಸಲು ತಡೆಯಿಲ್ಲ. ಅಧಿಕಾರಿ ಮಾತ್ರ ಪ್ರಚಾರಕ್ಕೆ ಇಳಿಯುವಂತಿಲ್ಲ, ಪ್ರಭಾವ ಬಳಸುವಂತಿಲ್ಲ.

ಬೆಳಗಾವಿಯ ಕ್ಯಾಂಪ್ ಪ್ರದೇಶ ಬಲ್ಲವರಿಗೆ ಇನ್ನೊಂದು ಉದಾಹರಣೆ ಕಣ್ಣೆದುರಿಗೇ ಇದೆ. ಅಲ್ಲಿ ಒಂದು ಕಡೆ ಬೆಳಗಾವಿ ಧರ್ಮಪ್ರಾಂತ್ಯದ ಫಾತಿಮಾ ಮಾತೆಯ ಪ್ರಧಾನಾಲಯ, ಸೇಂಟ್ ಪಾಲ್ಸ್ ಶಾಲೆ; ಇನ್ನೊಂದು ಕಡೆ ಸೈನಿಕರ ಬಡಾವಣೆಗಳು. ಸಮವಸ್ತ್ರದಲ್ಲಿರುವ ಸೈನಿಕರು ಮತ ಹಾಕಬಹುದು, ಅವರಿಗೆ ಸೇವಾ ಮತದಾರರೆಂಬ ಪ್ರತ್ಯೇಕ ವ್ಯವಸ್ಥೆಯೇ ಇದೆ. ಆದರೆ ಪಕ್ಷ ಸೇರುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ನಿವೃತ್ತಿಯ ನಂತರ ಆ ತಡೆ ಇರುವುದಿಲ್ಲ. ಸೇನೆಯಲ್ಲಿದ್ದು ಬಂದ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ನೈರುತ್ಯ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋಗಿದ್ದನ್ನು ಮಂಗಳೂರು ಭಾಗದವರು ಬಲ್ಲರು.

ಗುರುಗಳು ನಿಲ್ಲಬಹುದೇ ಎಂದೂ ಕೆಲವರು ಕೇಳುತ್ತಾರೆ. ದೇಶದ ಕಾನೂನಿನಲ್ಲಿ ತಡೆಯಿಲ್ಲ. ಧರ್ಮಸಭೆಯ ಕಾನೂನಿನಲ್ಲಿದೆ. ಆಡಳಿತಾಧಿಕಾರ ಚಲಾಯಿಸುವ ಸಾರ್ವಜನಿಕ ಹುದ್ದೆಗಳನ್ನು ಗುರುಗಳು ವಹಿಸಿಕೊಳ್ಳಬಾರದೆಂದು 285ನೇ ಕಾನೂನು ಹೇಳುತ್ತದೆ. ಧಾರ್ಮಿಕ ಸಭೆಗಳ ಸಹೋದರ ಸಹೋದರಿಯರಿಗೂ ಅದು ಅನ್ವಯಿಸುತ್ತದೆ. ಆದ್ದರಿಂದ ಈ ಕ್ಷೇತ್ರ ಶ್ರೀಸಾಮಾನ್ಯ ವಿಶ್ವಾಸಿಗಳಿಗೇ ಸೇರಿದ್ದು.

ಬೇರೆ ಬೇರೆ ಬಾಗಿಲುಗಳು

ಕರ್ನಾಟಕದಲ್ಲಿ ಎರಡು ಸದನಗಳಿವೆ. ವಿಧಾನಸಭೆಯಲ್ಲಿ 224 ಸ್ಥಾನ, ಪರಿಷತ್ತಿನಲ್ಲಿ 75. ಪರಿಷತ್ತಿನ ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ, 7 ಪದವೀಧರರ ಕ್ಷೇತ್ರಗಳಿಗೆ ಮೀಸಲು. ಅಲ್ಲಿ ನಿಲ್ಲಲು 30 ವರ್ಷ ತುಂಬಿರಬೇಕು. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಆರಿಸಿಬಂದರು. 2022ರಲ್ಲಿ ಎಂಟನೇ ಸಲ ಗೆದ್ದರು. ಉತ್ತರ ಕನ್ನಡದ ಶಿಕ್ಷಕರು ಮತ ಹಾಕುವುದು ಇದೇ ಕ್ಷೇತ್ರದಲ್ಲಿ. ಆದರೆ ಮಾಧ್ಯಮಿಕ ಹಾಗೂ ಅದಕ್ಕೆ ಮೇಲಿನ ಶಿಕ್ಷಣ ಸಂಸ್ಥೆಗಳಲ್ಲಿ ಕಳೆದ ಆರು ವರ್ಷಗಳಲ್ಲಿ ಮೂರು ವರ್ಷ ಕೆಲಸ ಮಾಡಿದವರು ಪ್ರತ್ಯೇಕವಾಗಿ ಅರ್ಜಿ ಕೊಟ್ಟು ಹೆಸರು ಸೇರಿಸಬೇಕು. ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಇದನ್ನು ಮಾಡಿದ್ದಾರೆ ಎಂದು ಮುಖ್ಯೋಪಾಧ್ಯಾಯರು ಒಮ್ಮೆ ವಿಚಾರಿಸಿದರೆ ಒಳ್ಳೆಯದು.

ಅಧಿಕಾರಿಯಾಗಿದ್ದು ಶಾಸಕರಾದವರಲ್ಲಿ ಕರಾವಳಿಗೆ ಪರಿಚಿತ ಹೆಸರು ಜೆ. ಆರ್. ಲೋಬೊ. ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಾಗಿ, ಪಿಲಿಕುಳ ನಿಸರ್ಗಧಾಮವನ್ನು ಬೆಳೆಸಿದವರಾಗಿ ಜನ ಅವರನ್ನು ಮೊದಲೇ ಬಲ್ಲವರಾಗಿದ್ದರು. 2013ರಲ್ಲಿ ಮಂಗಳೂರು ದಕ್ಷಿಣದಿಂದ ಗೆದ್ದರು. 2018 ಮತ್ತು 2023ರಲ್ಲಿ ಸೋತರು. ಅಂಜಲಿಯವರ ಕಥೆಗೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತದೆ. ವೃತ್ತಿಯಲ್ಲಿ ಗಳಿಸಿದ ಹೆಸರಿನ ಜೊತೆ ಪಕ್ಷದ ಗಾಳಿಯೂ ಕೂಡಿಬಂದಾಗ ಗೆಲುವು ಬರುತ್ತದೆ. ಆ ಹೆಸರೊಂದೇ ಪ್ರತಿ ಸಲ ಕಾಯುವುದಿಲ್ಲ.

ಒಂದು ಬಾಗಿಲು ಮುಚ್ಚಿದೆ. ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ವಿಧಾನಸಭೆಯಲ್ಲಿದ್ದ ನಾಮಕರಣದ ಸ್ಥಾನ 104ನೇ ತಿದ್ದುಪಡಿಯೊಂದಿಗೆ 2020ರ ಜನವರಿಯಲ್ಲಿ ಕೊನೆಗೊಂಡಿತು. ಈಗ ಸಭೆಯೊಳಗೆ ಹೋಗುವವರೆಲ್ಲ ಮತದಾರರ ಮುಂದೆ ನಿಂತೇ ಹೋಗಬೇಕು.

ಮಹಿಳೆಯರ ಪಾಲು ಇನ್ನೂ ಸಣ್ಣದು. 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ. ಅದೇ ವರ್ಷ ಅಂಗೀಕಾರವಾದ 106ನೇ ತಿದ್ದುಪಡಿ ಮೂರನೇ ಒಂದು ಭಾಗ ಮೀಸಲಾತಿಯ ಭರವಸೆ ನೀಡಿದೆ, ಆದರೆ ಜನಗಣತಿ ಹಾಗೂ ಕ್ಷೇತ್ರ ಮರುವಿಂಗಡಣೆಯ ನಂತರ ಎಂಬ ಷರತ್ತಿನೊಂದಿಗೆ.

ಒಳಗೆ ಹೋದ ಮೇಲೆ ಕೆಲಸವೇನು?

ವೈದ್ಯರ ಕೈಯಲ್ಲಿ ಸ್ಟೆತಸ್ಕೋಪ್ ಇರುತ್ತದೆ. ಶಾಸಕರ ಕೈಯಲ್ಲಿ ಇರುವುದು ಏನು? ನಾಲ್ಕು ಸಾಧನಗಳನ್ನು ಹೇಳಬಹುದು.

ಮೊದಲನೆಯದು ಸದನದ ಪ್ರಶ್ನೆ. ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ ಎಂದು ಕೇಳಿದರೆ ಮಂತ್ರಿಗಳು ದಾಖಲೆಯಲ್ಲಿ ಉತ್ತರ ಕೊಡಲೇಬೇಕು. ಎರಡನೆಯದು ಬಜೆಟ್ ಮತ್ತು ಮಸೂದೆಗಳ ಮೇಲಿನ ಚರ್ಚೆ, ಮತ. ಮೂರನೆಯದು ತಾಲೂಕಿನ ಸಮಿತಿಗಳು. ಕೆಡಿಪಿ ಎಂದು ಕರೆಯುವ ಪ್ರಗತಿ ಪರಿಶೀಲನಾ ಸಭೆ ನಡೆಸುವವರು ಶಾಸಕರೇ, ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಅಧ್ಯಕ್ಷರೂ ಅವರೇ. ನಾಲ್ಕನೆಯದು ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ ರೂಪಾಯಿ.

ಈ ನಾಲ್ಕರಲ್ಲಿ ವೃತ್ತಿಯ ಅನುಭವ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಮುಖ್ಯವಾಗಿ ಪ್ರಶ್ನೆ ಕೇಳುವುದರಲ್ಲಿ. ಹೆರಿಗೆ ಕೋಣೆಯಲ್ಲಿ ಅರಿವಳಿಕೆ ತಜ್ಞರಿಲ್ಲದಿದ್ದರೆ ಹೊಸ ಕಟ್ಟಡದಿಂದ ಪ್ರಯೋಜನವಿಲ್ಲ ಎಂಬುದು ವೈದ್ಯರಿಗೆ ಹೇಳಿಕೊಡಬೇಕಾಗಿಲ್ಲ. ಅಧಿಕಾರಿ "ಎಲ್ಲ ಸರಿ ಇದೆ" ಎಂದಾಗ ಅದನ್ನು ಒಪ್ಪದೆ ಮುಂದಿನ ಪ್ರಶ್ನೆ ಕೇಳುವ ತಿಳಿವಳಿಕೆ ಅವರಲ್ಲಿರುತ್ತದೆ. ಶಾಲೆಯ ವಿಷಯದಲ್ಲಿ ಶಿಕ್ಷಕರಿಗೆ, ಕಚೇರಿಯ ಕಡತದ ವಿಷಯದಲ್ಲಿ ಅಧಿಕಾರಿಯಾಗಿದ್ದವರಿಗೆ ಇದೇ ಅನುಕೂಲ.

ಆದರೆ ಮಿತಿಗಳೂ ಇವೆ. ಆಮಗಾಂವದ ಉದಾಹರಣೆಗೆ ಮರಳೋಣ. ಅಲ್ಲಿ ರೋಗಿಗೆ ಬೇಕಾದದ್ದು ಔಷಧಿಗಿಂತ ಮೊದಲು ಸೇತುವೆ. ಊರು ವನ್ಯಜೀವಿ ಧಾಮದೊಳಗಿದೆ. ಅಲ್ಲಿ ರಸ್ತೆ, ಸೇತುವೆ ಮಾಡಲು ಅರಣ್ಯ ಹಾಗೂ ವನ್ಯಜೀವಿ ಕಾನೂನಿನ ಅನುಮತಿಗಳು ಬೇಕು, ಕೆಲವು ದೆಹಲಿಯವರೆಗೂ ಹೋಗಬೇಕು. ಊರನ್ನೇ ಹೊರಗೆ ತಂದು ಪರಿಹಾರ ಕೊಡುವುದು ಇನ್ನೊಂದು ದಾರಿ, ಅದಕ್ಕೆ ಜನರ ಒಪ್ಪಿಗೆ ಬೇಕು. ವೈದ್ಯರಿಗೂ ಇಂಜಿನಿಯರಿಗೂ ಇದನ್ನು ಒಬ್ಬರೇ ಮಾಡಲು ಆಗುವುದಿಲ್ಲ. ಇಲಾಖೆಯಿಂದ ಇಲಾಖೆಗೆ ಕಡತವನ್ನು ವರ್ಷಗಟ್ಟಲೆ ಬೆನ್ನುಹತ್ತುವುದೇ ಶಾಸಕರ ನಿಜವಾದ ವೃತ್ತಿ. ಅದನ್ನು ಹೊಸದಾಗಿ ಕಲಿಯಬೇಕು.

ಕ್ಯಾಂಪಿನಲ್ಲೂ ಇಂಥದೇ ಮಿತಿ ಕಾಣುತ್ತದೆ. ದಂಡುಪ್ರದೇಶದ ಆಡಳಿತ ರಕ್ಷಣಾ ಸಚಿವಾಲಯದ ಅಧೀನದ ಕಂಟೋನ್ಮೆಂಟ್ ಮಂಡಳಿಯದು. 2006ರ ಕಾಯಿದೆಯ ಪ್ರಕಾರ ಆ ಭಾಗದ ಶಾಸಕರು ಮಂಡಳಿಯ ಸಭೆಗೆ ವಿಶೇಷ ಆಹ್ವಾನಿತರು. ಮಾತನಾಡಬಹುದು, ಮತ ಹಾಕುವಂತಿಲ್ಲ. "ಶಾಸಕರಿಗೆ ಹೇಳಿದೆವು, ಏನೂ ಆಗಲಿಲ್ಲ" ಎಂದು ಬೇಸರಪಡುವ ಮುಂಚೆ ಆ ಕೆಲಸ ಯಾರ ಕೈಯಲ್ಲಿದೆ ಎಂದು ತಿಳಿಯುವುದು ನಮ್ಮ ಕರ್ತವ್ಯ.

ಸೋಲಿನ ನಂತರ

2025ರ ಡಿಸೆಂಬರಿನಲ್ಲಿ ಗೋವಾದಿಂದ ದೆಹಲಿಗೆ ಹೋಗುತ್ತಿದ್ದ ವಿಮಾನದಲ್ಲಿ ಅಮೆರಿಕದ ಮಹಿಳೆಯೊಬ್ಬರು ಕುಸಿದುಬಿದ್ದರು. ಅದೇ ವಿಮಾನದಲ್ಲಿದ್ದ ಡಾ. ಅಂಜಲಿ ಎದೆಯೊತ್ತಿ ಪ್ರಥಮ ಚಿಕಿತ್ಸೆ ನೀಡಿ ಅವರನ್ನು ಉಳಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇದನ್ನು ಮೆಚ್ಚಿ ಮಾತನಾಡಿದರು. ಆ ಹೊತ್ತಿಗೆ ಅವರು ಶಾಸಕಿಯಾಗಿರಲಿಲ್ಲ, ಸಂಸದೆಯೂ ಆಗಿರಲಿಲ್ಲ. ಕೈಗೆ ಬಂದ ಮೊದಲ ವಿದ್ಯೆ ಮಾತ್ರ ಅವರ ಬಳಿಯೇ ಇತ್ತು.

ಬೇರೆ ವೃತ್ತಿಯಿಂದ ಬಂದವರಿಗೆ ಇರುವ ದೊಡ್ಡ ಬಲ ಇದೇ. ಸೋತರೆ ಮರಳಿ ಹೋಗಲು ಒಂದು ಕೆಲಸವಿದೆ. ಕುರ್ಚಿಯೇ ಅನ್ನವಾಗಿಲ್ಲದವರು ಕುರ್ಚಿಗಾಗಿ ಎಲ್ಲಕ್ಕೂ ತಲೆಬಾಗಬೇಕಿಲ್ಲ. ಹಾಗೆಂದು ವೃತ್ತಿಪರರೆಲ್ಲ ಪ್ರಾಮಾಣಿಕರು ಎಂದು ಹೇಳಲಾಗದು, ಪೂರ್ಣಾವಧಿ ರಾಜಕಾರಣಿಗಳಲ್ಲಿ ಒಳ್ಳೆಯವರಿಲ್ಲ ಎನ್ನುವುದೂ ತಪ್ಪು. ಆದರೆ "ಇಲ್ಲ" ಎನ್ನುವ ಸ್ವಾತಂತ್ರ್ಯ ಅವರಿಗೆ ಸ್ವಲ್ಪ ಹೆಚ್ಚು.

ನಮ್ಮ ಚರ್ಚುಗಳಲ್ಲಿ

ನಮ್ಮ ಜನರು ಶಾಲೆ, ಆಸ್ಪತ್ರೆ, ಬ್ಯಾಂಕು, ಹಡಗು, ಸೇನೆ ಎಲ್ಲ ಕಡೆ ದುಡಿದಿದ್ದಾರೆ. ಸಾರ್ವಜನಿಕ ಕೆಲಸ ಎಂದಾಗ ಮಾತ್ರ "ಅದು ನಮಗೆ ಬೇಡ" ಎಂದು ಹಿಂದೆ ಸರಿಯುತ್ತೇವೆ. ಹೀಗೆ ಸರಿದವರ ಊರಿಗೆ ರಸ್ತೆ ತಡವಾಗಿ ಬರುತ್ತದೆ.

ಆಸಕ್ತಿ ಇರುವವರು ನೇರವಾಗಿ ವಿಧಾನಸಭೆಯ ಕನಸು ಕಾಣಬೇಕಿಲ್ಲ. ಗ್ರಾಮ ಪಂಚಾಯಿತಿಯೇ ಒಳ್ಳೆಯ ಪಾಠಶಾಲೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸ್ವಸಹಾಯ ಸಂಘ ನಡೆಸಿದ ನಮ್ಮ ತಾಯಂದಿರಿಗೆ ಲೆಕ್ಕಪತ್ರ, ಸಭೆ, ಜಗಳ ಬಿಡಿಸುವುದು ಎಲ್ಲ ಗೊತ್ತು. ಗ್ರಾಮಸಭೆಗೆ ಹೋಗಿ ಕ್ರಿಯಾಯೋಜನೆ ಓದಿ ಪ್ರಶ್ನೆ ಕೇಳುವುದು ಮೊದಲ ಹೆಜ್ಜೆ.

ಪಾಲನಾ ಪರಿಷತ್ತುಗಳು ಮತ್ತು ಗುರ್ಕಾರರು ಮಾಡಬಹುದಾದ ಕೆಲಸವೂ ಇದೆ. ಮತದಾರರ ಪಟ್ಟಿಯಲ್ಲಿ ಯುವಕರ, ಮದುವೆಯಾಗಿ ಬಂದವರ ಹೆಸರುಗಳಿವೆಯೇ ನೋಡಿ. ಶಿಕ್ಷಕರಿಗೆ, ಪದವೀಧರರಿಗೆ ಪರಿಷತ್ತಿನ ಪಟ್ಟಿಯ ಬಗ್ಗೆ ತಿಳಿಸಿ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಮಾತ್ರ ಯಾರೂ ಯಾರಿಗೂ ಹೇಳಬೇಡಿ.

ಮುಂದಿನ ಸಲ ವೈದ್ಯರೋ, ವಕೀಲರೋ, ಶಿಕ್ಷಕರೋ ಮತ ಕೇಳಲು ಮನೆಗೆ ಬಂದಾಗ ಹೆಸರಿನ ಮುಂದಿನ ಬಿರುದು ನೋಡಿ ಕೈಮುಗಿದು ಕಳಿಸಬೇಡಿ. ಕುಳ್ಳಿರಿಸಿ, ನೀರು ಕೊಟ್ಟು, ಮೂರು ಮಾತು ಕೇಳಿ: ಈ ತಾಲೂಕಿನ ಆಸ್ಪತ್ರೆಯಲ್ಲಿ ಯಾವ ಹುದ್ದೆಗಳು ಖಾಲಿ ಇವೆ? ನೀವು ಸದನದಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು? ಸೋತರೂ ನಮ್ಮ ಊರಿಗೆ ಬರುತ್ತೀರಾ? ಈ ಮೂರಕ್ಕೆ ನೇರವಾಗಿ ಉತ್ತರ ಕೊಡಬಲ್ಲವರು ಯಾವ ವೃತ್ತಿಯಿಂದ ಬಂದಿದ್ದರೂ ಶಾಸಕರ ಕೆಲಸಕ್ಕೆ ತಯಾರಾಗಿದ್ದಾರೆ ಎಂದು ತಿಳಿಯಿರಿ.